ಪಕ್ಕದ ಮನೆಯ ಮಗ್ಗ ಮತ್ತು ನಮ್ಮ ಶೆಡ್ಡಿನ ಬ್ಯಾಂಡು

ಮೊಮ್ಮಕ್ಕಳೇ, ಹೋದ ತಿಂಗಳು ಬೀಳಗಿ ಕಡೆಯ ಹುಡುಗಿಯೊಬ್ಬಳು ಫೋನು ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದಳಲ್ಲ, ಅವಳಿಗೆ ನಾನು ಏನು ಹೇಳಿದೆ ಎಂದು ನೀವು ಕೇಳುತ್ತಲೇ ಇದ್ದೀರಿ. ಏನೂ ಹೇಳಲಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ನಮ್ಮ ರಬಕವಿ-ಬನಹಟ್ಟಿ, ಇಷ್ಟು ಊರುಗಳಲ್ಲಿ ಈ ಪೋಸ್ಟ್-ಪಂಕ್ ಎಂಬ ಸಂಗೀತ ಹೇಗೆ ಶುರುವಾಯಿತು ಎಂಬುದನ್ನು ಕಣ್ಣಾರೆ ಕಂಡವರ ಬಾಯಿಂದಲೇ ಕೇಳಿ ಒಂದು ಇತಿಹಾಸ ಮಾಡುತ್ತಾಳಂತೆ. ಫೋನನ್ನು ನನ್ನ ಮುಂದೆ ಇಟ್ಟು, "ಆಯಿ, ಮೊದಲಿಂದ ಹೇಳ್ರಿ," ಎಂದಳು. ನಾನು, "ಹೂಂ ತಂಗಿ, ಎಲ್ಲಾ ಛಲೋ ಆತು," ಎಂದು ಹೇಳಿ ಚಹಾ ಮಾಡಲು ಒಳಗೆ ಹೋದೆ. ಮತ್ತೆ ಹೊರಗೆ ಬರಲಿಲ್ಲ. ಅವಳ ಫೋನಿನಲ್ಲಿ ನನ್ನ ಇತಿಹಾಸವೆಂದು ಇರುವುದು ಚಹಾ ಸೋಸಿದ ಸಪ್ಪಳ ಮಾತ್ರ.

ನನಗೆ ಮಂದಿಯ ಮುಂದೆ ಮಾತು ಬರುವುದಿಲ್ಲ. ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದೆ. ಅಲ್ಲಿಯೂ ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರವನ್ನು ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಈಗಲೂ ಅದನ್ನೇ ಮಾಡುತ್ತಿದ್ದೇನೆ. ಅವಳಿಗೆ ಹೇಳಲಾಗದ್ದನ್ನು ನಿಮಗಾಗಿ ಬರೆದಿಡುತ್ತೇನೆ. ಬೇಕಾದರೆ ನೀವೇ ಅವಳಿಗೆ ಓದಿ ಹೇಳಿರಿ, ನಾನು ಆಗ ಅಡುಗೆಮನೆಯಲ್ಲಿರುತ್ತೇನೆ.

ನಿಮ್ಮ ಮುತ್ಯಾ, ನನ್ನ ಯಜಮಾನರು, ತೀರಿಕೊಂಡ ಮೇಲೆ ನಮ್ಮ ಮಗ್ಗಗಳನ್ನು ಮಾರಿಬಿಟ್ಟೆವು. ಮನೆಯ ಹಿಂದಿನ ಶೆಡ್ಡು ಖಾಲಿ ಬಿತ್ತು. ಅದರ ಒಂದು ಗೋಡೆ ನಮಗೂ ಪಕ್ಕದ ಮನೆಗೂ ಸೇರಿದ್ದು. ಆ ಗೋಡೆಯ ಆಚೆ ಅವರ ನಾಲ್ಕು ಪವರ್‌ಲೂಮುಗಳು ಇಡೀ ದಿನ ನಡೆಯುತ್ತವೆ. ಸೊಸೈಟಿಯಲ್ಲಿ ನೌಕರಿ ಸಿಕ್ಕ ವರ್ಷ ನಿಮ್ಮ ದೊಡ್ಡಕ್ಕ ಎಲ್ಲಿಂದಲೋ ಹಳೆಯ ಡ್ರಮ್ಮುಗಳನ್ನು ಟಂಟಂ ಗಾಡಿಯಲ್ಲಿ ಹಾಕಿಕೊಂಡು ಬಂದು ಆ ಶೆಡ್ಡಿನಲ್ಲಿ ಇಳಿಸಿದಳು. ಅವಳ ಲೆಕ್ಕ ಸರಳವಾಗಿತ್ತು: ಆಚೆ ಅಷ್ಟು ಗದ್ದಲ ಇರುವಾಗ ಈಚೆಯ ಗದ್ದಲ ಯಾರಿಗೆ ಕೇಳುತ್ತದೆ? ಯಾರಿಗೂ ಕೇಳಲಿಲ್ಲ. ನಾಲ್ಕು ತಿಂಗಳಾದ ಮೇಲೆ ಪಕ್ಕದ ಮನೆಯಾಕೆ ನನ್ನನ್ನು, "ಯಕ್ಕಾ, ನಿಮ್ಮ ಹುಡುಗಿ ಸಂಜಿ ಮುಂದ ಶೆಡ್ಡಿನ್ಯಾಗ ಕುಂತು ಅಭ್ಯಾಸ ಮಾಡತಾಳೇನು? ಭಾಳ ಶಾಂತ ಸ್ವಭಾವ ಬಿಡ್ರಿ," ಎಂದು ಕೇಳಿದಳು.

ಆಮೇಲೆ ಇಬ್ಬರು ಹುಡುಗರು ಬಂದು ಕೂಡಿಕೊಂಡರು. ಒಬ್ಬ ಜಮಖಂಡಿಯವನು. ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಗಿಟಾರು ಬಾರಿಸಿ ಹಾಡುತ್ತಾನೆ. ಬೇಸಿಗೆಯಲ್ಲೂ ಕರಿ ಅಂಗಿ, ಕರಿ ಪ್ಯಾಂಟು, ಮುಖದ ಅರ್ಧ ಮುಚ್ಚುವ ಕೂದಲು. ಮೊದಲ ಸಲ ಬಂದಾಗ ಅವನ ಮನೆಯಲ್ಲಿ ಯಾರೋ ತೀರಿಹೋಗಿರಬೇಕೆಂದು ತಿಳಿದು, ನಾನು ಏನೂ ಕೇಳದೆ ಅವನಿಗೆ ಎರಡು ರೊಟ್ಟಿ ಹೆಚ್ಚಿಗೆ ಹಾಕಿದೆ. ಇನ್ನೊಬ್ಬನದು ಮುಧೋಳ. ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕೆಲಸ. ನಾಲ್ಕೇ ತಂತಿಯ ದಪ್ಪ ಗಿಟಾರು ಅವನದು. ಮಾತು ಅದಕ್ಕಿಂತ ಕಡಿಮೆ. ನನಗಿಂತ ಕಡಿಮೆ ಮಾತಾಡುವವನನ್ನು ನಾನು ಕಂಡದ್ದು ಅದೇ ಮೊದಲು. ನಮ್ಮಿಬ್ಬರಿಗೂ ಬಹಳ ಹೊಂದಿಕೆಯಾಯಿತು.

ಪೋಸ್ಟ್-ಪಂಕ್ ಎಂದರೇನೆಂದು ಒಂದು ದಿನ ನಿಮ್ಮ ದೊಡ್ಡಕ್ಕನನ್ನು ಕೇಳಿದೆ.

"ಆಯಿ, ಪಂಕ್ ಅಂದ್ರ ಸಿಟ್ಟು ಬಂದಾಗ ಬಾರಸೂದು. ಪೋಸ್ಟ್-ಪಂಕ್ ಅಂದ್ರ ಸಿಟ್ಟು ಇಳದ ಮ್ಯಾಲ, ಆದ್ರೂ ಮರೀದ, ಅದನ್ನ ವಿಚಾರ ಮಾಡಿ ಬಾರಸೂದು."

ನನಗೆ ಕೂಡಲೇ ತಿಳಿಯಿತು. ನಿಮ್ಮ ಮುತ್ಯಾನ ಜೊತೆ ಜಗಳವಾದ ಮರುದಿನ ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದದ್ದು ಇದೇ ರೀತಿಯಲ್ಲಿ.

ಅವರ ಹಾಡುಗಳಲ್ಲಿ ಎಲ್ಲಕ್ಕೂ ದೊಡ್ಡದು ಕರೆಂಟ್ ಹೋಗಿ ಬರುವ ನಡುವಿನ ಹೊತ್ತಿನ ಮೇಲೆ ಇತ್ತು. "ಬಂತು ಬಂತು ಅಂದೆ, ಬರಲಿಲ್ಲ" ಎಂದು ಆ ಕರಿ ಅಂಗಿಯ ಹುಡುಗ ಇಪ್ಪತ್ತು ಸಲ ಹೇಳುತ್ತಾನೆ. ಅದಕ್ಕಿಂತ ಹೆಚ್ಚು ಮಾತಿಲ್ಲ. ನಾನು ಬಹಳ ದಿನ ಅದು ಹೆಣ್ಣು ನೋಡಲು ಬಾರದ ವರನ ಹಾಡೆಂದೇ ತಿಳಿದಿದ್ದೆ.

ಇಂಥ ಬ್ಯಾಂಡುಗಳು ಬೇರೆ ಊರುಗಳಲ್ಲಿಯೂ ಇದ್ದವು. ಮುಧೋಳದಲ್ಲಿ ಒಂದು, ಜಮಖಂಡಿಯಲ್ಲಿ ಎರಡು. ಅನಗವಾಡಿಯಿಂದ ಇಬ್ಬರು ಬರುತ್ತಿದ್ದರು. ಎಲ್ಲರಿಗೂ ಸೇರಿ ಸರಿಯಾಗಿ ಕೆಲಸ ಮಾಡುವ ದೊಡ್ಡ ಸ್ಪೀಕರು ಒಂದೇ. ಅದು ಸರ್ಕಾರಿ ಬಸ್ಸಿನಲ್ಲಿ ಊರಿಂದ ಊರಿಗೆ ತಿರುಗುತ್ತಿತ್ತು. ಒಂದು ಸಲ ಕಂಡಕ್ಟರ್ ಅದಕ್ಕೆ ಸೀಟು ಬಿಟ್ಟುಕೊಡಲಿಲ್ಲವೆಂದು ಆ ಕಬ್ಬಿನ ತೂಕದ ಹುಡುಗ ಮುಧೋಳದಿಂದ ಇಲ್ಲಿಯವರೆಗೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದ. ಇಳಿದ ಮೇಲೆ ಅರ್ಧ ತಾಸು ಅವನಿಗೆ ನಡೆಯಲು ಆಗಲಿಲ್ಲ.

ಹೀಗೆ ಎರಡು ವರ್ಷ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ನನ್ನ ಭಾವನವರು, ಅಂದರೆ ನಿಮ್ಮ ದೊಡ್ಡ ಮುತ್ಯಾ, ಶೆಡ್ಡು ನೋಡಲು ಬಂದರು. ಆ ಶೆಡ್ಡಿನಲ್ಲಿ ಅವರದೂ ಅರ್ಧ ಪಾಲು. ಅವರ ನೂಲಿನ ಅಂಗಡಿಯಲ್ಲಿ ಜಾಗ ಸಾಲುತ್ತಿರಲಿಲ್ಲ, ಚೀಲಗಳನ್ನು ಇಲ್ಲಿ ತಂದು ಇಡಬೇಕೆಂದು ಅವರ ವಿಚಾರ.

ಇಲ್ಲಿ ಒಂದು ಮಾತು ಹೇಳಬೇಕು, ನೀವು ಈಗಿನವರು. ನಮ್ಮ ಕಾಲದಲ್ಲಿ ತಮ್ಮನ ಹೆಂಡತಿ ಭಾವನ ಜೊತೆ ನೇರ ಮಾತಾಡುತ್ತಿರಲಿಲ್ಲ. ಸೆರಗು ಮುಂದೆ ಎಳೆದುಕೊಂಡು, ನಡುವೆ ಇರುವ ಯಾರಿಗೋ ಹೇಳಬೇಕು. ಮದುವೆಯಾಗಿ ಬಂದಾಗಿನಿಂದ ನಾನು ಅವರಿಗೆ ಒಂದು ಶಬ್ದವನ್ನೂ ನೇರವಾಗಿ ಹೇಳಿರಲಿಲ್ಲ. ಅವರೂ ಅಷ್ಟೇ. ಆ ದಿನ ನಡುವೆ ಇದ್ದವಳು ನಿಮ್ಮ ದೊಡ್ಡಕ್ಕ. ನಾವು ಮೂವರೂ ಒಂದೇ ಕೋಣೆಯಲ್ಲಿ, ಮೂರು ಮಾರು ದೂರದಲ್ಲಿ ನಿಂತಿದ್ದೆವು.

"ನಿಮ್ಮ ಆಯಿಗೆ ಹೇಳ, ಈ ಡಬ್ಬಿ ಡಬರಿ ಎಲ್ಲಾ ತಗಸು ಅಂತ. ನೂಲು ಬರಾಕತ್ತೈತಿ."

"ಹುಡುಗ್ರು ದಿನಾ ಬಾರಸ್ತಾರ, ಅವ್ರು ಎಲ್ಲಿ ಹೋಗಬೇಕು ಅಂತ ಕೇಳ ಅವರಿಗೆ," ಎಂದೆ ನಾನು, ಸೆರಗಿನ ಒಳಗಿನಿಂದ.

"ಬಾರಸೂದಂತ! ಅದು ಹಾಡಲ್ಲ, ಗದ್ಲ ಐತಿ ಅಂತ ಹೇಳ."

"ಆಯಿ ಅಂತಾಳ..." ಎಂದು ನಿಮ್ಮ ಅಕ್ಕ ಶುರುಮಾಡಿದಳು. ನಾನು ಇನ್ನೂ ಏನೂ ಅಂದಿರಲಿಲ್ಲ. "ಆಯಿ ಅಂತಾಳ, ಹಾಡೋ ಗದ್ಲೋ ಅನ್ನೂದನ್ನ ಊರ ಮಂದಿ ಹೇಳಲಿ."

ಹಾಗೆ ಅವಳು ನನ್ನ ಹೆಸರಿನಲ್ಲಿ ತನ್ನ ಮಾತನ್ನೇ ಆಡಿ ಆಡಿ ಒಂದು ಕರಾರು ಮಾಡಿಸಿದಳು. ಮುಂದಿನ ತಿಂಗಳ ಅಮವಾಸ್ಯೆಗೆ ಓಣಿಯ ಕಲ್ಯಾಣ ಮಂಟಪದಲ್ಲಿ ಬ್ಯಾಂಡು ಬಾರಿಸಬೇಕು. ಅಮವಾಸ್ಯೆಗೆ ಮಗ್ಗಗಳಿಗೆ ಸೂಟಿ, ನೇಕಾರರೆಲ್ಲ ಬರುತ್ತಾರೆ. ಮಂದಿ ಕೊನೆಯವರೆಗೆ ಕುಳಿತರೆ ಅದು ಹಾಡು, ಶೆಡ್ಡು ಹುಡುಗರಿಗೆ. ನಡುವೆ ಅರ್ಧ ಮಂದಿ ಎದ್ದರೆ ಅದು ಗದ್ದಲ, ಶೆಡ್ಡು ನೂಲಿಗೆ. ಭಾವನವರು ನಗುತ್ತ ಒಪ್ಪಿದರು. "ಮುಂದಿನ ಸಾಲಿನ್ಯಾಗ ನಾನ ಕುಂಡರತೇನಿ. ಎಣಸಾಕ," ಎಂದರು.

ಅದರ ಎರಡೇ ದಿನಕ್ಕೆ ಆ ತಿಂಗಳ ಅಮವಾಸ್ಯೆ ಬಂತು. ಹುಡುಗರು ಇಡೀ ದಿನ ಅಭ್ಯಾಸ ಮಾಡೋಣವೆಂದು ಬೆಳಿಗ್ಗೆಯೇ ಬಂದರು. ಬಾಗಿಲು ಹಾಕಿಕೊಂಡು ಶುರುಮಾಡಿದರು. ನಾನು ಅಡುಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದೆ. ಏನೋ ಸರಿ ಇಲ್ಲವೆಂದು ನನಗೇ ತಿಳಿಯಿತು. ಹಾಡು ಓಡುತ್ತಿತ್ತು, ತಡೆಯುತ್ತಿತ್ತು, ಮತ್ತೆ ಓಡುತ್ತಿತ್ತು. ಹೋಗಿ ನೋಡಿದರೆ ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತಿದ್ದರು.

"ನೀ ಓಡಾಕತ್ತಿ," ಎಂದ ಕರಿ ಅಂಗಿಯವನು.

"ನಾ ಎಲ್ಲಿ ಓಡಾಕತ್ತೇನಲೇ? ನೀನ ಹಿಂದ ಬೀಳಾಕತ್ತಿ," ಎಂದಳು ನಿಮ್ಮ ಅಕ್ಕ.

ತೂಕದ ಹುಡುಗ ಬೆರಳಿನಿಂದ ಗೋಡೆ ತೋರಿಸಿದ. ಗೋಡೆಯ ಆಚೆ ಎಲ್ಲ ಸುಮ್ಮನಿತ್ತು.

ಆಗ ಎಲ್ಲರಿಗೂ ಹೊಳೆಯಿತು. ಗದ್ದಲ ಹೊರಗೆ ಕೇಳೀತೆಂದು, ಮಗ್ಗ ನಿಂತ ದಿನ ಅವರು ಅಲ್ಲಿಯವರೆಗೆ ಬಾರಿಸಿಯೇ ಇರಲಿಲ್ಲ. ಎರಡು ವರ್ಷದಿಂದ ನಿಮ್ಮ ಅಕ್ಕ ತಾಳ ಕಲಿತದ್ದು ಯಾವ ಮಾಸ್ತರರಿಂದಲೂ ಅಲ್ಲ, ಪಕ್ಕದ ಮನೆಯ ಮಗ್ಗಗಳಿಂದ. ಅವು ಖಟಕ್ ಪಟಕ್ ಎನ್ನುವಾಗ ಇವಳ ಕೈ ಅವುಗಳ ಹಿಂದೆ ಹೋಗುತ್ತಿತ್ತು. ಅವು ನಿಂತ ದಿನ ಇವಳಿಗೆ ಒಂದರ ಹಿಂದೆ ಎರಡು ಬರುತ್ತದೆಯೋ ಮೂರು ಬರುತ್ತದೆಯೋ ಗೊತ್ತಾಗಲಿಲ್ಲ. ಕಲ್ಯಾಣ ಮಂಟಪದಲ್ಲಿ ಬಾರಿಸಬೇಕಾದ ದಿನವೂ ಅಮವಾಸ್ಯೆಯೇ.

ಮೊದಲು ಅವರು ಮಗ್ಗದ ಸಪ್ಪಳವನ್ನು ಫೋನಿನಲ್ಲಿ ತುಂಬಿಕೊಂಡು ಸ್ಪೀಕರಿನಲ್ಲಿ ಹಾಕಿ ನೋಡಿದರು. ತಾಳ ಚೆನ್ನಾಗಿಯೇ ಬಂತು. ಆದರೆ ನಡುವೆ ಪಕ್ಕದ ಮನೆಯಾಕೆ ಗಂಡನಿಗೆ, "ನಿಂದರಬ್ಯಾಡ, ನೂಲಿನ ಕಂಡಕಿ ತುಂಬು, ಮೂಳಾ!" ಎಂದು ಬೈದದ್ದೂ ಬಂದಿತ್ತು. ಕರಿ ಅಂಗಿಯವನಿಗೆ ಅದು ಬಹಳ ಹಿಡಿಸಿತು. ಇದನ್ನೇ ಹಾಡಿನಲ್ಲಿ ಇಟ್ಟುಕೊಳ್ಳೋಣ ಎಂದ. ನಿಮ್ಮ ಅಕ್ಕ ಒಪ್ಪಿಗೆ ಕೇಳಲು ಪಕ್ಕದ ಮನೆಗೆ ಹೋದಳು. ತಮ್ಮ ಮನೆಯ ಸಪ್ಪಳ ಒಂದನ್ನೂ ಹಾಕಕೂಡದೆಂದು ಬೈಸಿಕೊಂಡು, ಹೋದಷ್ಟೇ ಬೇಗ ತಿರುಗಿ ಬಂದಳು.

ಮರುದಿನ ಅವಳು ನನ್ನ ಪಕ್ಕ ಕುಳಿತು, ಶೆಡ್ಡು ಹೋಯಿತೆಂದೇ ಅಳುವ ಹಾಗೆ ಮಾಡುತ್ತಿದ್ದಳು. ನಾನು ಏನೆಂದು ಸಮಾಧಾನ ಮಾಡಲಿ? ನನ್ನ ಮುಂದೆ ನಿಮ್ಮ ಮುತ್ಯಾನ ಹಳೆಯ ಲಾಳಿ ಬಿದ್ದಿತ್ತು. ಅದೇ, ನೂಲು ಹೊತ್ತು ಮಗ್ಗದಲ್ಲಿ ಆಚೆ ಈಚೆ ಓಡುವ ಕಟ್ಟಿಗೆಯ ತುಂಡು. ಅದನ್ನು ಕೈಯಲ್ಲಿ ಹಿಡಿದು, ಏನೋ ವಿಚಾರ ಮಾಡುತ್ತ, ಕುಳಿತಿದ್ದ ಮಣೆಯ ಅಂಚಿಗೆ ಬಡಿಯುತ್ತಿದ್ದೆನಂತೆ. ನನಗೆ ಅದರ ಗ್ಯಾನವೇ ಇರಲಿಲ್ಲ. ನೋಡಿದರೆ ನಿಮ್ಮ ಅಕ್ಕ ಅಳುವುದನ್ನು ಬಿಟ್ಟು ಎರಡು ಕೈಯಿಂದ ತನ್ನ ಮೊಣಕಾಲು ಬಾರಿಸುತ್ತಿದ್ದಳು.

"ಆಯಿ, ನಿಂದರಬ್ಯಾಡ. ಹಂಗ ಬಡಿ."

ನನ್ನ ಆಯುಷ್ಯ ಕಳೆದದ್ದು ಮಗ್ಗದ ಬಗಲಿಗೆ ಕುಳಿತು ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತುವುದರಲ್ಲಿ. ಆ ಬಡಿತ ನನ್ನ ಕೈಗೆ ಹತ್ತಿಬಿಟ್ಟಿತ್ತು. ಅದನ್ನು ಹೆಚ್ಚು ಕಡಿಮೆ ಮಾಡು ಎಂದರೂ ನನಗೆ ಬರುವುದಿಲ್ಲ.

"ಆಯಿ, ಅಮಾಸಿಗೆ ನೀನೂ ನಮ್ಮ ಕೂಡ ಸ್ಟೇಜಿನ ಮ್ಯಾಲ ಕುಂಡರಬೇಕು," ಎಂದಳು.

"ಸತ್ತರೂ ಕುಂಡರಾಂಗಿಲ್ಲ," ಎಂದೆ.

ನಾಲ್ಕು ದಿನ ಈ ಜಗಳ ನಡೆಯಿತು. ನಿಮ್ಮ ಅಕ್ಕ ಬೇಡಿಕೊಂಡಳು. ಕರಿ ಅಂಗಿಯವನು, ನಾನು ಕುಳಿತರೆ ಇದು ಇಡೀ ಜಗತ್ತಿನಲ್ಲಿ ಎಲ್ಲಿಯೂ ಇಲ್ಲದ ಬ್ಯಾಂಡು ಆಗುತ್ತದೆ ಎಂದ. ಅದನ್ನು ಕೇಳಿ ನನಗೆ ಇನ್ನಷ್ಟು ಹೆದರಿಕೆ ಬಂತು. ಕೊನೆಗೆ ತೂಕದ ಹುಡುಗ ಬಾಯಿ ತೆರೆದ. "ಪರದೆ ಹಿಂದ," ಎಂದ. ಅಷ್ಟೇ. ಸ್ಟೇಜಿನ ಹಿಂದಿನ ಪರದೆಯ ಮರೆಯಲ್ಲಿ ನಾನು, ನನ್ನ ಮಣೆ, ನನ್ನ ಲಾಳಿ. ಮಣೆಯ ಹತ್ತಿರ ಒಂದು ಮೈಕು. ಯಾರಿಗೂ ಕಾಣುವುದಿಲ್ಲ, ಯಾರಿಗೂ ಹೇಳುವಂತಿಲ್ಲ. ಅದಕ್ಕೆ ಒಪ್ಪಿದೆ.

ಅಭ್ಯಾಸ ಚೆನ್ನಾಗಿಯೇ ಆಯಿತು, ಒಂದು ಜಾಗ ಬಿಟ್ಟು. ಆ ಕರೆಂಟಿನ ಹಾಡಿನ ನಡುವೆ ಎಲ್ಲರೂ ಒಮ್ಮೆಲೇ ನಿಲ್ಲಬೇಕು. ಎಂಟು ಎಣಿಸುವವರೆಗೆ ಗಪ್ಪು. ಆಮೇಲೆ ಒಮ್ಮೆಲೇ ಶುರು. ಕರೆಂಟ್ ಹೋದದ್ದು, ಬಂದದ್ದು ಹಾಗೆ ತೋರಿಸಬೇಕೆಂದು ಅವರ ಆಸೆ. ಆದರೆ ಅವರು ನಿಂತ ಕೂಡಲೇ ನಾನು ಎದ್ದು ನಿಲ್ಲುತ್ತಿದ್ದೆ. ಮನಸ್ಸು ಬೇಡವೆಂದರೂ ಕಾಲು ಏಳುತ್ತಿತ್ತು. ಮಗ್ಗದ ಮನೆಯಲ್ಲಿ ಬಾಳಿದವರಿಗೆ ಇದು ಗೊತ್ತು. ಕರೆಂಟ್ ಹೋಗಿ ಮಗ್ಗ ನಿಂತರೆ ದೀಪವೂ ಹೋಗುತ್ತದೆ, ಆಗ ಆರಾಮ, ಚಹಾ ಕುಡಿಯಬಹುದು. ದೀಪ ಉರಿಯುತ್ತಿರುವಾಗಲೇ ಮಗ್ಗ ನಿಂತಿತೆಂದರೆ ಎಳೆ ಹರಿದಿದೆ ಅಥವಾ ಲಾಳಿ ಸಿಕ್ಕಿಬಿದ್ದಿದೆ. ಊಟದ ಮುಂದೆ ಇದ್ದರೂ ಎದ್ದು ಓಡಬೇಕು. ನಾನು ಸೀರೆಯನ್ನು ಮೊಣಕಾಲ ಕೆಳಗೆ ಒತ್ತಿ ಹಿಡಿದು ಕುಳಿತುಕೊಳ್ಳುವುದನ್ನು ರೂಢಿ ಮಾಡಿಕೊಂಡೆ. ಆ ಮೂವರಿಗೂ ಹೇಳಲಿಲ್ಲ. ಹೇಳಲು ನಾಚಿಕೆ. ಹೀಗಾಗುವುದು ನನ್ನೊಬ್ಬಳಿಗೇ, ಮುಪ್ಪಿನ ಹುಚ್ಚು ಎಂದುಕೊಂಡೆ.

ಅಮವಾಸ್ಯೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಮಂದಿ ಬಂದರು. ನಾನು ಪರದೆಯ ಒಂದು ತೂತಿನಿಂದ ನೋಡಿದೆ. ನಮ್ಮ ಓಣಿಯ ನೇಕಾರರು, ಹೆಂಡತಿ ಮಕ್ಕಳು, ಪಕ್ಕದ ಮನೆಯಾಕೆ, ಅವಳ ಬೈಸಿಕೊಳ್ಳುವ ಗಂಡ. ಹಿಂದೆ ಗೋಡೆಗೆ ಆತುಕೊಂಡು ಮುಧೋಳ, ಜಮಖಂಡಿಯ ಬ್ಯಾಂಡಿನ ಹುಡುಗರು, ಎಲ್ಲರೂ ಕರಿ ಅಂಗಿ. ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಬಿಳಿ ಟೊಪ್ಪಿಗೆ ಹಾಕಿಕೊಂಡು ಭಾವನವರು.

ಮೊದಲ ಹಾಡು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ಏಳಲೂ ಇಲ್ಲ. ಇದು ಮುಗಿಯಿತೋ ಇಲ್ಲವೋ ಎಂದು ಅವರಿಗೆ ಗೊತ್ತಾಗಿರಲಿಲ್ಲ. ಎರಡನೆಯ ಹಾಡಿಗೆ ಒಬ್ಬ ಅಜ್ಜ ತಲೆ ಆಡಿಸಲು ಶುರುಮಾಡಿದ. ಅವನ ಮಗ್ಗವೂ ನಮ್ಮ ಮಗ್ಗದ ವೇಗದ್ದೇ ಇರಬೇಕು. ಮೂರನೆಯದಕ್ಕೆ ಹೆಂಗಸರ ಕಡೆ ಯಾರೋ, "ಇದು ಛಲೋ ಐತಿ ಬಿಡ, ಮನ್ಯಾಗ ಕುಂತಂಗ ಆಗತೈತಿ," ಎಂದದ್ದು ಕೇಳಿಸಿತು. ಭಾವನವರ ಮುಖ ಸಣ್ಣದಾಗುತ್ತಿತ್ತು. ನನ್ನ ಕೈ ಬಡಿಯುತ್ತಿತ್ತು, ಶೆಡ್ಡು ಉಳಿಯಿತೆಂದು ಎದೆಯೂ ಬಡಿಯುತ್ತಿತ್ತು. ಕಡೆಯ ಹಾಡು ಒಂದೇ ಉಳಿದಿತ್ತು, ಕರೆಂಟಿನದು.

"ಬಂತು ಬಂತು ಅಂದೆ," ಎಂದ ಕರಿ ಅಂಗಿಯವನು. ಮೂವರೂ ಬಾರಿಸುವುದನ್ನು ಒಮ್ಮೆಲೇ ನಿಲ್ಲಿಸಿದರು. ನಾನೂ ಸೀರೆ ಒತ್ತಿ ಹಿಡಿದೆ. ಮಂಟಪದಲ್ಲಿ ದೀಪಗಳು ಉರಿಯುತ್ತಿದ್ದವು.

ಕುರ್ಚಿಗಳು ಸರಿದ ಸಪ್ಪಳ ನಾನು ಸಾಯುವವರೆಗೆ ಮರೆಯುವುದಿಲ್ಲ. ಇಡೀ ಮಂಟಪ ಎದ್ದು ನಿಂತಿತು. ಗಂಡಸರು, ಹೆಂಗಸರು, ತಲೆ ಆಡಿಸಿದ ಅಜ್ಜ, ಎಲ್ಲರೂ. ಎಲ್ಲರಿಗಿಂತ ಮೊದಲು ಎದ್ದವರು ಭಾವನವರು. ಎದ್ದದ್ದಷ್ಟೇ ಅಲ್ಲ, ಚಪ್ಪಲಿ ಬಿಟ್ಟು ಸ್ಟೇಜಿನ ಮೆಟ್ಟಿಲು ಹತ್ತಿ, ಎಳೆ ಎಲ್ಲಿ ಹರಿಯಿತೆಂದು ಬಗ್ಗಿ ನೋಡುತ್ತ ನೇರ ನನ್ನ ಪರದೆಯ ಕಡೆಗೇ ಬಂದರು. ನಿಮ್ಮ ಅಕ್ಕ ಬಾಯಿ ತೆರೆದು ನೋಡುತ್ತಿದ್ದಳು. ಎಂಟು ಎಣಿಸುವುದು ಯಾರಿಗೂ ನೆನಪಿರಲಿಲ್ಲ. ಶೆಡ್ಡು ಹೋಯಿತು ಎಂದುಕೊಂಡೆ.

ಆಮೇಲೆ ನಾನು ಏನು ಮಾಡಿದೆ ಎಂಬುದು ನನಗೆ ಬೇರೆಯವರು ಹೇಳಿ ಗೊತ್ತು.

"ಭಾವಾರ, ಕುಂದರ್ರಿ! ಎಳಿ ಹರದಿಲ್ಲ!"

ನನ್ನ ಮುಂದೆ ಮೈಕಿತ್ತು. ಆ ದೊಡ್ಡ ಸ್ಪೀಕರು ನನ್ನ ಮಾತನ್ನು ಇಡೀ ಓಣಿಗೆ ಕೇಳಿಸಿತು. ಪರದೆಯ ಮುಂದೆ ಭಾವನವರು ಕಲ್ಲಿನ ಹಾಗೆ ನಿಂತರು. ಅಷ್ಟು ವರ್ಷದಲ್ಲಿ ಅವರು ನನ್ನ ದನಿಯನ್ನು ತಮ್ಮ ಕಡೆಗೆ ಬಂದ ಮಾತಾಗಿ ಕೇಳಿದ್ದು ಅದೇ ಮೊದಲು. ಎಲ್ಲರೂ ಕೂತರು, ಅವರೂ ಹೋಗಿ ಕೂತರು. ನಾನು ಲಾಳಿ ಎತ್ತಿ ಬಡಿದೆ. ನಿಮ್ಮ ಅಕ್ಕ ಹಿಂದೆ ಬಂದಳು. "ಬರಲಿಲ್ಲ!" ಎಂದ ಕರಿ ಅಂಗಿಯವನು. ಆಗ ಜನ ತಟ್ಟಿದ ಚಪ್ಪಾಳೆ ಹಾಡಿಗೋ ನನಗೋ ನನಗೆ ಗೊತ್ತಿಲ್ಲ. ಅದು ಮುಗಿಯುವ ಮೊದಲೇ ಹಿಂದಿನ ಬಾಗಿಲಿನಿಂದ ಮನೆಗೆ ಬಂದುಬಿಟ್ಟೆ, ಮಣೆಯನ್ನು ಅಲ್ಲಿಯೇ ಬಿಟ್ಟು.

ಆ ಸಂಜೆ ಪಂಚಾಯಿತಿ ನಮ್ಮ ಪಡಸಾಲೆಯಲ್ಲಿಯೇ ನಡೆಯಿತು. ನಾನು ಬಾಗಿಲ ಹಿಂದೆ ಇದ್ದೆ.

"ಕರಾರು ಕರಾರ ಐತಿ. ಅರ್ಧ ಮಂದಿ ಎದ್ರ ಅಂದಿದ್ದೆ. ಎಲ್ಲಾರೂ ಎದ್ರು," ಎಂದರು ಭಾವನವರು.

"ಮೊದಲ ಎದ್ದವ್ರು ನೀವ ಅಲ್ರಿ ಮುತ್ಯಾ?" ಎಂದಳು ನಿಮ್ಮ ಅಕ್ಕ.

"ನಾ ಎದ್ದದ್ದು ಹೋಗಾಕಲ್ಲ. ನೋಡಾಕ."

"ಅವ್ರೂ ನೋಡಾಕ ಎದ್ದದ್ದು."

ಭಾವನವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನೇಕಾರನಾಗಿ ಹುಟ್ಟಿದ ಮನುಷ್ಯ, ಮಗ್ಗದ ವಿಷಯದಲ್ಲಿ ಸುಳ್ಳು ಹೇಳಲಾರರು. "ಮಗ್ಗ ಅಂತ ತಿಳಕೊಂಡು ಎದ್ದೆ," ಎಂದು ಒಪ್ಪಿಕೊಂಡರು. ಆಮೇಲೆ, "ಗದ್ಲ ಆಗಿದ್ರ ನಿಂತಾಗ ಛಲೋ ಆತು ಅಂತಿದ್ದೆ. ಹಂಗ ಅನಿಸಲಿಲ್ಲ," ಎಂದರು.

ಆದರೂ ನೂಲಿಗೆ ಜಾಗ ಬೇಕೇ ಬೇಕಾಗಿತ್ತು, ಅದು ಸುಳ್ಳಲ್ಲ. ಕೊನೆಗೆ ಶೆಡ್ಡಿನಲ್ಲಿ ಚೀಲಗಳೂ ಬಂದವು, ಬ್ಯಾಂಡೂ ಉಳಿಯಿತು. ಮೂರು ಗೋಡೆಗೆ ಚೀಲ ಒಟ್ಟಿದರು. ಮಗ್ಗದ ಕಡೆಯ ಗೋಡೆಯನ್ನು ಮಾತ್ರ ನಿಮ್ಮ ಅಕ್ಕ ಮುಟ್ಟಗೊಡಲಿಲ್ಲ. ಯಾರೂ ಎಣಿಸದ ಒಂದು ಲಾಭವಾಯಿತು. ನೂಲು ಸಪ್ಪಳವನ್ನು ನುಂಗುತ್ತದೆ. ಮೊದಲು ಡಬ್ಬಿಯೊಳಗೆ ಕಲ್ಲು ಹಾಕಿ ಆಡಿಸಿದ ಹಾಗೆ ಇದ್ದ ಗಿಟಾರಿನ ಒಂದೊಂದು ತಂತಿಯೂ ಈಗ ಬೇರೆಬೇರೆ ಕೇಳಿಸುತ್ತದೆ. ಜಮಖಂಡಿಯ ಬ್ಯಾಂಡಿನವರೂ ಇಲ್ಲಿಗೇ ಬಂದು ಬಾರಿಸಿ ರೆಕಾರ್ಡು ಮಾಡಿಕೊಂಡು ಹೋಗುತ್ತಾರೆ. ರೊಟ್ಟಿ ಹೆಚ್ಚಿಗೆ ಬೇಕಾಗುತ್ತದೆ.

ಹೋದ ವಾರ ಒಬ್ಬ ಗಿರಾಕಿ ನೂಲು ಒಯ್ಯಲು ಗಾಡಿ ತಂದಿದ್ದ. ಭಾವನವರೇ ಬಾಗಿಲಲ್ಲಿ ನಿಂತಿದ್ದರು. ಒಳಗೆ ಹಾಡು ನಡೆದಿತ್ತು. ಗಿರಾಕಿ ಮೂಲೆಯ ಚೀಲಕ್ಕೆ ಕೈ ಹಾಕಿದ.

"ಏ, ಆ ಮೂಲ್ಯಾಗಿಂದ ತಗೀಬ್ಯಾಡ," ಎಂದರು ಭಾವನವರು.

"ಯಾಕ್ರಿ ಸಾವಕಾರ? ಮಾಲು ಛಲೋ ಇಲ್ಲೇನ್ರಿ?"

"ಮಾಲು ಛಲೋ ಐತಿ. ತಗದ್ರ ಗಿಟಾರು ಕೆಡತೈತಿ. ಬಾಗಿಲ ಕಡೇದ ಒಯ್ಯಿ."